ಹದಿನಾರು ಕ್ಯಾಸೆಟ್ಟಿನ ಮಿಸ್ಸು

ನನಗೆ ಕೋಪ ಮೂಗಿನ ತುದಿಯಲ್ಲೇ ಇರ್ತಿತ್ತು, ದನಿ ಮಾತ್ರ ಮೂರು ರಸ್ತೆ ಆಚೆಗೂ ಹೋಗ್ತಿತ್ತು. ಜಂಬಕ್ಕೆ ಹೇಳ್ತಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ನಾನು ಪಾಠ ಮಾಡ್ತಿದ್ದ ಬನಶಂಕರಿ ಎರಡನೇ ಸ್ಟೇಜಿನ ಸ್ಕೂಲು ಅಂದ್ರೆ ಕಲ್ನಾರು ಶೀಟು ಹೊದಿಸಿದ ಏಳು ಕೋಣೆ, ಸುತ್ತ ಅರ್ಧ ಖಾಲಿ ಸೈಟು, ಅರ್ಧ ರಾಗಿ ಹೊಲ. ಆರನೇ ಕ್ಲಾಸಲ್ಲಿ ಅರವತ್ತೆರಡು ಮಕ್ಕಳು. ಪಕ್ಕದ ಕ್ಲಾಸಿಗೂ ನಮಗೂ ಮಧ್ಯೆ ಒಂದು ತಟ್ಟಿ. ಆ ಕಡೆ ಲೆಕ್ಕದ ಮೇಷ್ಟ್ರು ಮಗ್ಗಿ ಹೇಳಿಸ್ತಿದ್ರೆ ಈ ಕಡೆ ನಾನು ಕೃಷ್ಣೆಯ ಉಪನದಿಗಳನ್ನ ಹೇಳ್ಬೇಕು. ಕೂಗದೆ ಇನ್ನೇನು ಮಾಡೋದು? ಎರಡು ವರ್ಷ ಕೂಗಿದೆ. ಗಂಟಲಲ್ಲಿ ಗಂಟು ಬಂತು.

ಜಯನಗರದ ಗಂಟಲು ಡಾಕ್ಟ್ರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, "ಆಪರೇಷನ್ ಮಾಡ್ಬೇಕಮ್ಮ. ಆಮೇಲೆ ಆರು ವಾರ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಮಾತು ಕೂಡ ಇಲ್ಲ" ಅಂದ್ರು.

"ಆಗಲ್ಲ ಡಾಕ್ಟ್ರೇ" ಅಂದೆ.

"ಆಗಲ್ಲ ಅಂದ್ರೆ ಜೀವಮಾನ ಪೂರ್ತಿ ಆಡೋ ಹಾಗಿರಲ್ಲ."

ನನ್ನ ಪಕ್ಕ ಕೂತಿದ್ದ ಅತ್ತೆ, ದೇವರಾಣೆಗೂ ಹೇಳ್ತೀನಿ, ಡಾಕ್ಟ್ರಿಗೆ ಎರಡೂ ಕೈ ಎತ್ತಿ ಮುಗಿದ್ರು.

ನನಗೆ ಗಂಟಲಿನ ಯೋಚನೆ ಇರಲಿಲ್ಲ, ಕೆಲಸದ್ದು ಇತ್ತು. ಯಜಮಾನರ ಫ್ಯಾಕ್ಟರಿ ಲಾಕೌಟ್ ಆಗಿ ಎಂಟು ತಿಂಗಳಾಗಿತ್ತು, ಮನೇಲಿ ಬರೋ ಸಂಬಳ ಅಂದ್ರೆ ನಂದೊಂದೇ. ಸ್ಕೂಲಲ್ಲಿ ನನ್ನ ಪ್ರೊಬೇಷನ್ ಮುಗಿಯೋಕೆ ಎರಡೇ ತಿಂಗಳು ಬಾಕಿ. ಪರ್ಮನೆಂಟ್ ಆರ್ಡರಿಗೆ ಸೈನ್ ಹಾಕ್ಬೇಕಾದವರು ಸೆಕ್ರೆಟರಿ. ಸ್ಕೂಲು ನಿಂತಿದ್ದ ಜಾಗ ಒಂದು ಕಾಲಕ್ಕೆ ಅವರ ಮನೆತನದ ಹೊಲ. ಹೊಲದಲ್ಲಿ ಆಳುಗಳನ್ನ ನೋಡ್ಕೊಂಡ ಹಾಗೇ ನಮ್ಮನ್ನೂ ನೋಡ್ಕೋತಿದ್ರು, ಅಂದ್ರೆ ಬೆಳಿಗ್ಗೆ ಬೇವಿನಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಯಾರು ಬಂದ್ರು, ಯಾರು ಬರಲಿಲ್ಲ ಅಂತ ನೋಡೋದು. ಕೆಟ್ಟ ಮನುಷ್ಯ ಅಲ್ಲ, ಅವರೆಕಾಯಿ ಕಾಲದಲ್ಲಿ ಎಲ್ಲ ಟೀಚರ ಮನೆಗೂ ಒಂದೊಂದು ಚೀಲ ಕಳಿಸೋರು. ಆದ್ರೆ ಅವರದ್ದೊಂದು ಕಾನೂನಿತ್ತು: ಪ್ರೊಬೇಷನ್ನಲ್ಲಿರೋರು ಒಂದು ವಾರಕ್ಕಿಂತ ಹೆಚ್ಚು ರಜೆ ಹಾಕಿದ್ರೆ ಆ ಜಾಗಕ್ಕೆ ಬೇರೆಯವರು. ಬೇರೆಯವರು ಯಾರು ಅಂತಾನೂ ನಮಗೆಲ್ಲ ಗೊತ್ತಿತ್ತು, ಅವರ ಹೆಂಡತಿಯ ತಂಗಿ ಮಗಳು ಬಿ.ಎಡ್. ಮುಗಿಸಿ ಕೂತಿದ್ದಳು.

ದಾರಿ ತೋರಿಸಿದ್ದು ನಮ್ಮ ಹೆಡ್‌ಮಿಸ್ಟ್ರೆಸ್ಸು. ಅವರು ಆಗಷ್ಟೇ ಇಲಾಖೆಯ ಯಾವುದೋ ಟ್ರೈನಿಂಗಿಗೆ ಹೋಗಿಬಂದಿದ್ರು. ತರಗತಿಯಲ್ಲಿ ಯಂತ್ರಗಳನ್ನ ಬಳಸಬೇಕು, ಮಕ್ಕಳು ಬೇಗ ಕಲೀತಾರೆ ಅಂತ ಮೂರು ದಿನ ಕೇಳಿಸಿಕೊಂಡು, ಕೊಟ್ಟ ಊಟ ಉಂಡು ಬಂದಿದ್ರು.

"ನಿಮ್ಮನೇಲಿ ಟೂ ಇನ್ ಒನ್ ಇದೆ ಅಲ್ವೇನ್ರೀ?" ಅಂದ್ರು.

ಇತ್ತು. ಮದುವೇಲಿ ನಮ್ಮಪ್ಪ ಕೊಟ್ಟಿದ್ದು, ರೇಡಿಯೋನೂ ಟೇಪ್ ರೆಕಾರ್ಡರೂ ಒಂದರಲ್ಲೇ.

"ಆಪರೇಷನ್ನಿಗೆ ಮುಂಚೆ ಆರು ವಾರದ ಪಾಠ ಎಲ್ಲ ಅದರಲ್ಲಿ ತುಂಬಿಸಿಬಿಡಿ. ನೀವು ಬಂದು ಬಟನ್ ಒತ್ತಿ, ಬೋರ್ಡ್ ಮೇಲೆ ಬರೀರಿ. ಮಾತು ಅದು ಆಡುತ್ತೆ."

ಸೆಕ್ರೆಟರಿ ಒಪ್ಪಿದ್ರು. "ಕ್ಲಾಸಿಂದ ಮೇಡಮ್ಮೋರ ದನಿ ಬರ್ಬೇಕು. ಗಂಟಲಿಂದ ಬರುತ್ತೋ ಡಬ್ಬದಿಂದ ಬರುತ್ತೋ ನಾನು ಕೇಳಲ್ಲ" ಅಂದ್ರು.

ಹನುಮಂತನಗರದ ನಮ್ಮ ಮನೆ ಅಡುಗೆಮನೇಲಿ, ಒಂದು ವಾರ ರಜೆ ಹಾಕಿ, ಹದಿನಾರು ಕ್ಯಾಸೆಟ್ಟು ತುಂಬಿಸಿದೆ. ಅಡುಗೆಮನೆ ಯಾಕೆ ಅಂದ್ರೆ ಪ್ಲಗ್ ಪಾಯಿಂಟ್ ಇದ್ದಿದ್ದು ಅಲ್ಲೇ. ಮೊದಲನೇ ದಿನ ಗೋಡೆ ನೋಡ್ಕೊಂಡು ಪಾಠ ಮಾಡಿ, ಆಮೇಲೆ ಹಾಕಿ ಕೇಳಿದ್ರೆ ನನಗೇ ಆಕಳಿಕೆ ಬಂತು. ಏನೋ ಇಲ್ಲ ಇದರಲ್ಲಿ ಅನ್ನಿಸ್ತು. ಏನಿಲ್ಲ ಅಂತ ಆಮೇಲೆ ಹೊಳೀತು, ಬೈಗುಳ ಇರಲಿಲ್ಲ. ನನ್ನ ಪಾಠದಲ್ಲಿ ಐದು ನಿಮಿಷಕ್ಕೊಂದು ಬೈಗುಳ ಇಲ್ಲದಿದ್ರೆ ಅದು ನನ್ನ ಪಾಠವೇ ಅಲ್ಲ. ಯಾವ ಮಗು ಎಷ್ಟು ಹೊತ್ತಿಗೆ ಏನು ಮಾಡುತ್ತೆ ಅಂತ ನನಗೆ ಬಾಯಿಪಾಠ ಆಗಿತ್ತಲ್ಲ, ಸರಿ, ಅದನ್ನೂ ಸೇರಿಸಿದೆ. ಪಾಠದ ನಡುವೆ "ಯಾರದು ಕಿಟಕಿ ಆಚೆ ನೋಡ್ತಿರೋದು, ಅಲ್ಲೇನು ನಿಮ್ಮಜ್ಜಿ ಬಂದಿದ್ದಾರಾ?" ಅಂತ ಒಂದು. "ಎಡಗಡೆ ಮೂರನೇ ಬೆಂಚು, ಆ ಹುಣಿಸೆಹಣ್ಣು ಉಗುಳಿ ಬಾ" ಅಂತ ಒಂದು. "ಕೊನೇ ಬೆಂಚು, ನಿದ್ದೆ ಮಾಡೋಕೆ ಬಂದಿದ್ದೀರೋ, ಕಲಿಯೋಕೆ ಬಂದಿದ್ದೀರೋ? ಎದ್ದು ನಿಲ್ಲಿ" ಅಂತ ಒಂದು. ಬೈದ ಮೇಲೆ ಅವರು ಎದ್ದು ನಿಲ್ಲೋಕೆ ಬೇಕಾದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ "ಹೂಂ, ಕೂತ್ಕೋ" ಅಂತ ಹೇಳಿ ಮುಂದಕ್ಕೆ ಹೋಗ್ತಿದ್ದೆ. ಖಾಲಿ ಗೋಡೆಗೆ ಹೀಗೆ ಬೈಯೋದನ್ನ ಬಾಗಿಲ ಸಂದಿಯಿಂದ ನೋಡಿದ ಯಜಮಾನರು ಅವತ್ತು ಊಟದ ಹೊತ್ತಿಗೆ ತುಂಬ ಮೃದುವಾಗಿ ಮಾತಾಡಿಸಿದ್ರು.

ಅತ್ತೆಗೆ ಇದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಅವರು ಅಡುಗೆ ಮಾಡ್ಕೊಂಡೇ ಇದ್ರು. ಮುಂಗಾರು ಮಾರುತದ ಮಧ್ಯೆ ಕುಕ್ಕರ್ ಮೂರು ಸಲ ಕೂಗ್ತು. ಕಪ್ಪುಮಣ್ಣಿನ ಮಧ್ಯೆ "ಹಾಲು ಉಕ್ತಾ ಇದೆ ನೋಡೇ" ಅಂತ ಬಂತು. ಮತ್ತೆ ಮೊದಲಿಂದ ಹೇಳೋಕೆ ನನಗೆ ಗಂಟಲೂ ಇರಲಿಲ್ಲ, ದಿನವೂ ಇರಲಿಲ್ಲ.

ಶನಿವಾರ ಆಪರೇಷನ್ ಆಯ್ತು. ರಜೆ ಮುಗಿದ ಸೋಮವಾರ ಕೊರಳಿಗೆ ಒಂದು ಸ್ಲೇಟು ನೇತುಹಾಕಿಕೊಂಡು, ಕಂಕುಳಲ್ಲಿ ಟೂ ಇನ್ ಒನ್ ಇಟ್ಕೊಂಡು ಬಸ್ ಹತ್ತಿದೆ. ಕಂಡಕ್ಟರಿಗೆ ಸ್ಲೇಟಿನ ಮೇಲೆ ಸ್ಟಾಪಿನ ಹೆಸರು ಬರೆದು ತೋರಿಸಿದ್ರೆ, ಅವನು ಪಾಪ ನನಗೆ ಕಿವಿನೂ ಕೇಳಲ್ಲ ಅಂದ್ಕೊಂಡು ಕೈ ಸನ್ನೆ ಮಾಡಿ ಟಿಕೆಟ್ ಕೊಟ್ಟ.

ಕ್ಲಾಸಲ್ಲಿ ಬಟನ್ ಒತ್ತಿದೆ. "ನಮಸ್ತೆ ಮಕ್ಕಳೇ" ಅಂತು ಡಬ್ಬ. ಅರವತ್ತೆರಡು ಮಕ್ಕಳೂ ಎದ್ದು, ನನ್ನ ಕಡೆ ಅಲ್ಲ, ಮೇಜಿನ ಮೇಲಿದ್ದ ಡಬ್ಬದ ಕಡೆ ತಿರುಗಿ "ನಮಸ್ತೇ ಮಿಸ್" ಅಂದ್ರು. ಡಬ್ಬ "ಕೂತ್ಕೊಳಿ" ಅಂದ ಮೇಲೇ ಕೂತಿದ್ದು. ನಾನು ಕೈಯಲ್ಲಿ ಸೀಮೆಸುಣ್ಣ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೆ.

ಎಂಟನೇ ನಿಮಿಷಕ್ಕೆ ಡಬ್ಬ "ಯಾರದು ಕಿಟಕಿ ಆಚೆ ನೋಡ್ತಿರೋದು?" ಅಂತು. ಅವತ್ತು ಯಾರೂ ನೋಡ್ತಿರಲಿಲ್ಲ. ಡಬ್ಬ ಮಾತಾಡೋ ಸೋಜಿಗಕ್ಕೆ ಎಲ್ಲರೂ ಬೊಂಬೆ ಹಾಗೆ ಕೂತಿದ್ರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ರು. ನನಗೆ ನಾಚಿಕೆಯಿಂದ ಬೆವರು ಬಂತು. ಆಗ ಕಿಟಕಿ ಪಕ್ಕ ಕೂತಿದ್ದ ಒಬ್ಬ ಹುಡುಗ ನಿಧಾನಕ್ಕೆ ತಲೆ ತಿರುಗಿಸಿ ಆಚೆ ನೋಡಿ, ಎದ್ದು ನಿಂತು, "ಸಾರಿ ಮಿಸ್" ಅಂದ. ಡಬ್ಬ "ಹೂಂ, ಕೂತ್ಕೋ" ಅಂತು. ಕೂತ.

ಆಮೇಲೆ ನಡೆದಿದ್ದನ್ನ ಹೇಳಿದ್ರೆ ಈಗಿನವರು ನಂಬಲ್ಲ. ಕ್ಲಾಸಿನ ಮಾನಿಟರ್ ಒಬ್ಬಳು ಎರಡು ಜಡೆಯ ಹುಡುಗಿ, ಬಲು ಚೂಟಿ. ಅವಳಿಗೆ ಯೋಚನೆ ಬಂತಂತೆ, ಮಿಸ್ ಬೈದಾಗ ತಪ್ಪು ಮಾಡಿದವರು ಯಾರೂ ಇಲ್ಲದಿದ್ರೆ ಮಿಸ್ಸಿಗೆ ಅವಮಾನ ಅಲ್ವಾ ಅಂತ. ಒಂದೇ ಪಾಠವನ್ನ ಎರಡು ದಿನ ಹಾಕ್ತಿದ್ದೆ, ಮೊದಲನೇ ದಿನ ಕೇಳೋಕೆ, ಎರಡನೇ ದಿನ ಬರ್ಕೊಳೋಕೆ. ಮೊದಲನೇ ದಿನ ಅವಳು ಬೈಗುಳಗಳನ್ನ ಬರ್ಕೊಂಡು, ಎರಡನೇ ದಿನಕ್ಕೆ ಡ್ಯೂಟಿ ಹಾಕ್ತಿದ್ದಳು. ನಗೋದು ಯಾರು, ಹುಣಿಸೆಹಣ್ಣು ತಿನ್ನೋದು ಯಾರು, ನಿದ್ದೆ ಮಾಡೋದು ಯಾರು, ಎಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೇಲಿ. ಎಂದೂ ಬಾಯಿ ಬಿಡದ ಸಾಧು ಹುಡುಗರಿಗೆಲ್ಲ ಸರದಿ ಬಂತು. ಒಂದು ಮಗು "ಮಿಸ್, ನಾಳೆ ಗಲಾಟೆ ನಂದು, ನಂಗೆ ಜ್ವರ" ಅಂತ ಅತ್ತುಬಿಡ್ತು. ಅದರ ಬದಲು ಬೇರೆ ಹುಡುಗನನ್ನ ಹಾಕಿದ್ರು. ನಾನು ಸ್ಲೇಟಿನ ಮೇಲೆ "ಇದೆಲ್ಲ ಬೇಡ" ಅಂತ ಬರೆದು ತೋರಿಸಿದೆ. ಯಾರೂ ಲಕ್ಷ್ಯ ಕೊಡಲಿಲ್ಲ. ಸ್ಲೇಟಿಗೆ ಯಾರು ಹೆದರ್ತಾರೆ ಹೇಳಿ.

ಉಪಯೋಗ ಇರಲಿಲ್ಲ ಅಂತ ಹೇಳಲಾರೆ. ಎರಡು ಸಲ ಕೇಳಿದ್ದಕ್ಕೋ ಏನೋ, ಹಿಂದೆ ಬಿದ್ದಿದ್ದ ಮಕ್ಕಳೂ ನದಿಗಳ ಹೆಸರು ಗಡಗಡ ಅಂತ ಹೇಳ್ತಿದ್ರು. ನನ್ನ ಪಾಠವನ್ನ ನಾನೇ ಹಿಂದಿನ ಬೆಂಚಲ್ಲಿ ಕೂತು ಕೇಳಿ, ಎಲ್ಲೆಲ್ಲಿ ಓಡ್ತೀನಿ ಅಂತ ತಿಳ್ಕೊಂಡೆ. ಪೀಡೆಗಳೂ ಇದ್ದವು. ಕರೆಂಟು ಹೋದಾಗ ಬ್ಯಾಟರಿ ಹಾಕ್ತಿದ್ದೆ, ಸೆಲ್ಲು ಇಳಿದ ಹಾಗೆ ನನ್ನ ದನಿ ದಪ್ಪ ಆಗಿ, ಎಳೆದೆಳೆದು, ಕೊನೆಗೆ ಯಾರೋ ಪೈಲ್ವಾನರು ಕಪ್ಪುಮಣ್ಣಿನ ಬಗ್ಗೆ ಹೇಳಿದ ಹಾಗಿರ್ತಿತ್ತು. ಮಕ್ಕಳು ಅದನ್ನೂ ಅಷ್ಟೇ ಭಕ್ತಿಯಿಂದ ಕೇಳ್ತಿದ್ರು. ಕಿರುಪರೀಕ್ಷೇಲಿ ಇಪ್ಪತ್ತು ಮೂವತ್ತು ಜನ, "ಕಪ್ಪುಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಲು ಉಕ್ಕುತ್ತದೆ, ಹತ್ತಿ ಚೆನ್ನಾಗಿ ಬೆಳೆಯುತ್ತದೆ" ಅಂತ ಬರೆದಿದ್ರು. ಮಿಸ್ ಹೇಳಿದ್ದು ತಾನೇ. ಪೂರ್ತಿ ಮಾರ್ಕು ಕೊಟ್ಟೆ, ಕೊಡದೆ ಇನ್ನೇನು ಮಾಡ್ಲಿ.

ನಾಲ್ಕನೇ ವಾರ ಇಲಾಖೆಯ ಇನ್‌ಸ್ಪೆಕ್ಟರು ಬಂದ್ರು. ಇವರು ಇದು ಪಾಠವೇ ಅಲ್ಲ ಅಂತ ಬರೆದ್ರೆ ನನ್ನ ಆರ್ಡರು ಅಲ್ಲಿಗೇ ಮುಗೀತು. ಸೆಕ್ರೆಟರಿನೂ ಜೊತೇಲಿ ಬಂದು ಬಾಗಿಲಲ್ಲಿ ನಿಂತ್ರು. ಇನ್‌ಸ್ಪೆಕ್ಟರು ಕೊನೇ ಬೆಂಚಲ್ಲಿ ಹೋಗಿ ಕೂತ್ರು. ಮಧ್ಯಾಹ್ನ ಊಟ ಆದ ಮೇಲಿನ ಪೀರಿಯಡ್ಡು, ಊಟ ಸೆಕ್ರೆಟರಿ ಮನೇದು, ಮುದ್ದೆ ಬಸ್ಸಾರು. ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ ಗದ್ದ ಎದೆಗೆ ಬಂತು. ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತು. ಟೇಪ್ ನಿಲ್ಲಿಸೋಣ ಅಂದ್ರೆ ಬಾಗಿಲಲ್ಲಿ ಸೆಕ್ರೆಟರಿ ನೋಡ್ತಾ ನಿಂತಿದ್ರು.

"ಕೊನೇ ಬೆಂಚು" ಅಂತು ಡಬ್ಬ, ನನ್ನ ಹಳೇ ಕಂಚಿನ ಗಂಟಲಲ್ಲಿ. "ನಿದ್ದೆ ಮಾಡೋಕೆ ಬಂದಿದ್ದೀರೋ, ಕಲಿಯೋಕೆ ಬಂದಿದ್ದೀರೋ? ಎದ್ದು ನಿಲ್ಲಿ."

ಇನ್‌ಸ್ಪೆಕ್ಟರು ದಡಕ್ಕನೆ ಎದ್ದು ನಿಂತ್ರು. ಅವರ ಪಕ್ಕ ಅವತ್ತಿನ ನಿದ್ದೆ ಡ್ಯೂಟಿ ಹುಡುಗನೂ ಎದ್ದು ನಿಂತ. ಇಬ್ಬರೂ ಕೈ ಕಟ್ಟಿಕೊಂಡು ನಿಂತಿದ್ರು. ಡಬ್ಬ "ಹೂಂ, ಕೂತ್ಕೋ" ಅಂದ ಮೇಲೆ ಇಬ್ಬರೂ ಕೂತ್ರು. ಒಂದು ಮಗುನೂ ನಗಲಿಲ್ಲ, ನಗೋದು ಹದಿನಾಲ್ಕನೇ ನಿಮಿಷಕ್ಕೆ ಇತ್ತು.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, "ಇಷ್ಟು ಶಿಸ್ತಿನ ಕ್ಲಾಸು ನಾನು ನೋಡೇ ಇಲ್ಲ. ಯಂತ್ರದಿಂದ ಇಷ್ಟೆಲ್ಲ ಆಗುತ್ತೆ ಅಂದ್ರೆ" ಅಂದ್ರು. ಪುಸ್ತಕದಲ್ಲಿ ಹಾಗೇ ಬರೆದೂ ಹೋದ್ರು. ನಾನು ಬದುಕಿದೆ ಅಂದ್ಕೊಂಡೆ.

ಮಾರನೇ ದಿನ, ಶುಕ್ರವಾರ, ಸೆಕ್ರೆಟರಿ ಬೇವಿನಮರದ ಕೆಳಗೆ ಕರೆದ್ರು. ತುಂಬ ಪ್ರೀತಿಯಿಂದ ಕೂರಿಸಿ ಎಳನೀರು ತರಿಸಿದ್ರು. ಅಲ್ಲೇ ಅನುಮಾನ ಬರಬೇಕಿತ್ತು ನನಗೆ.

"ಮೇಡಂ, ನಿನ್ನೆಯಿಂದ ಯೋಚನೆ ಮಾಡ್ತಾ ಇದೀನಿ" ಅಂದ್ರು. "ಡಬ್ಬದಲ್ಲಿ ಪಾಠ ಇದೆ. ಮುಂದಿನ ವರ್ಷನೂ ಕಾವೇರಿ ಅಲ್ಲೇ ಹುಟ್ಟುತ್ತೆ. ಅದಕ್ಕೆ ರಜೆ ಬೇಡ, ಹೆರಿಗೆ ಬೇಡ, ಗಂಟಲು ನೋಯಲ್ಲ. ಬಟನ್ ಒತ್ತೋಕೆ ಆಯಾ ಇದಾಳೆ. ನೀವು ಯಾಕೆ ಸುಮ್ಮನೆ ಹನುಮಂತನಗರದಿಂದ ಬಸ್ಸಲ್ಲಿ ಒದ್ದಾಡ್ತೀರ? ಸೋಮವಾರ ಕಮಿಟಿ ಮೀಟಿಂಗ್ ಇದೆ, ಎಲ್ಲರಿಗೂ ಹಾಕಿ ಕೇಳಿಸೋಣ. ಹದಿನಾರೂ ತಂದು ಬೀರುವಲ್ಲಿ ಇಟ್ಬಿಡಿ. ನಿಮ್ಮ ಆರ್ಡರ್ ವಿಷಯ ಆಮೇಲೆ ನೋಡೋಣ, ಬೇಕಾಗುತ್ತೋ ಇಲ್ವೋ."

ಮೈಯೆಲ್ಲ ಉರಿದುಹೋಯ್ತು. ಬಾಯಿದ್ದಿದ್ರೆ ಅವತ್ತು ಬೇವಿನಮರದ ಎಲೆ ಉದುರೋ ಹಾಗೆ ಮಾತಾಡ್ತಿದ್ದೆ. ಅವರ ಹೆಂಡತಿಯ ತಂಗಿ ಮಗಳಿಗೆ ನನ್ನ ಕೆಲಸ ಹೋಗಿದ್ರೆ ಒಂದು ಮರ್ಯಾದೆ ಇತ್ತು, ಇದು ನನ್ನದೇ ದನಿಗೆ ಹೋಗ್ತಾ ಇತ್ತು. ಸ್ಲೇಟು ತಗೊಂಡು "ಆಗಲಿ ಸಾರ್" ಅಂತ ಬರೆದೆ. ಅವರು ಕಣ್ಣು ಕಿರಿದು ಮಾಡ್ಕೊಂಡು ಓದಿ, "ಬಹಳ ಸಂತೋಷ" ಅಂದ್ರು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಬಂದು, ಕ್ಯಾಸೆಟ್ಟುಗಳನ್ನ ಅಡುಗೆಮನೇಲಿ ಸಾಲಾಗಿ ಜೋಡಿಸಿ, ಅತ್ತೆಗೆ ಸ್ಲೇಟಿನ ಮೇಲೆ ನಡೆದಿದ್ದೆಲ್ಲ ಬರೆದು ತೋರಿಸಿದೆ. ಅವರು ಅಕ್ಷರ ಕೂಡಿಸಿ ಕೂಡಿಸಿ ಓದೋರು, ಮೂರು ಸ್ಲೇಟು ಓದೋ ಹೊತ್ತಿಗೆ ಮೂರು ಗಂಟೆ ಆಯ್ತು.

"ಇದರಲ್ಲಿ ಪಾಠ ಇದ್ರೆ ನೀನು ಬೇಡ. ಪಾಠ ಇಲ್ದಿದ್ರೆ ನೀನು ಬೇಕು. ಅಷ್ಟೇ ತಾನೆ?" ಅಂದ್ರು. ಹೂಂ ಅಂತ ತಲೆ ಆಡಿಸಿದೆ. "ಮತ್ತೆ ಅಳಿಸು."

ಅಳಿಸೋದು ಅಂದ್ರೆ ಅದರ ಮೇಲೆ ಬೇರೆ ಏನಾದ್ರೂ ತುಂಬಿಸಬೇಕು. ಒಂದೊಂದು ಕ್ಯಾಸೆಟ್ಟೂ ಒಂದೊಂದು ಗಂಟೆ. ಕೆಂಪು ಬಟನ್ ಒತ್ತಿ ಸುಮ್ಮನೆ ಕೂತೆ. ಅತ್ತೆ ಎರಡು ನಿಮಿಷ ನೋಡಿದ್ರು. ಆಮೇಲೆ ಮಣೆ ಎಳ್ಕೊಂಡು ಡಬ್ಬದ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, "ನಾನು ಈ ಮನೆಗೆ ಬಂದಾಗ ನನಗೆ ಹದಿನೈದು ವರ್ಷ" ಅಂತ ಶುರು ಮಾಡಿದ್ರು. ಎದುರು ಮಾತಾಡೋಕೆ ಬಾಯಿಲ್ಲದ ಸೊಸೆ, ಎಲ್ಲವನ್ನೂ ಕೇಳಿಸಿಕೊಳ್ಳೋ ಮಿಷಿನ್ನು. ಅವರ ಜೀವಮಾನದಲ್ಲಿ ಅಂಥ ದಿನ ಬಂದಿರಲಿಲ್ಲ. ಅವರ ಅತ್ತೆ ಕಾಫಿಪುಡಿ ಡಬ್ಬಕ್ಕೆ ಬೀಗ ಹಾಕ್ತಿದ್ದಿದ್ದು, ನಾದಿನಿ ಮದುವೇಲಿ ಚಿರೋಟಿ ಮುರಿದಿದ್ದು, ನನ್ನ ಸಾರಿಗೆ ಹುಳಿ ಜಾಸ್ತಿ ಆಗೋದು. ಶನಿವಾರ ರಾತ್ರಿ ತನಕ ಆರು ಕ್ಯಾಸೆಟ್ಟು, ಭಾನುವಾರ ಬೆಳಿಗ್ಗೆಯಿಂದ ಹತ್ತು. ನಡುವೆ ಕುಕ್ಕರು, ಯಜಮಾನರ ಸೀನು, ಸೊಪ್ಪಿನವಳ ಕೂಗು. ಎಲ್ಲರ ದನಿನೂ ಹೋಗಿ ಕೂತ್ಕೊಳ್ತು, ನಂದೊಂದು ಬಿಟ್ಟು.

ಕೊನೇ ಕ್ಯಾಸೆಟ್ಟಿಗೆ ಮುಂಚೆ ಯಜಮಾನರು, "ಇದೊಂದನ್ನ ಹಾಕಿ ಕೇಳಿ, ಆಮೇಲೆ ಅಳಿಸೋಣ್ವಾ?" ಅಂದ್ರು. ನನಗೆ ರೇಗಿತು. ಹೊತ್ತಾಗ್ತಿದೆ, ಇನ್ನು ಹದಿನೈದು ದಿನಕ್ಕೆ ಆ ದನಿ ಮನೆ ತುಂಬ ಕೇಳಿಸಿಕೊಳ್ತೀರಲ್ಲ ಅಂತ ಸ್ಲೇಟಿನಲ್ಲಿ ಗೀಚಿ, ಕೆಂಪು ಬಟನ್ ಒತ್ತಿದೆ.

ಸೋಮವಾರ ಕಮಿಟಿಯ ಒಂಬತ್ತು ಜನ ಹಿರಿಯರು ಬೆಂಚಿನ ಮೇಲೆ ಕೂತ್ರು. ಸೆಕ್ರೆಟರಿ ತಾವೇ ಬಟನ್ ಒತ್ತಿದ್ರು. "ಅವಳಿಗೆ ಮಜ್ಜಿಗೆಹುಳಿ ಮಾಡೋಕೆ ಇವತ್ತಿಗೂ ಬರಲ್ಲ" ಅಂತು ಡಬ್ಬ. ಬೇರೆ ಕ್ಯಾಸೆಟ್ಟು ಹಾಕಿದ್ರು. ಅದರಲ್ಲಿ ಚಿರೋಟಿ. ಮೂರನೇದರಲ್ಲಿ ಬರೀ ಸೀನು. ಸೆಕ್ರೆಟರಿ ನನ್ನ ಕಡೆ ತಿರುಗಿ, "ಏನಾಯ್ತು ಮೇಡಂ ಇದಕ್ಕೆ?" ಅಂದ್ರು. "ಮನೆಯಲ್ಲಿ ಇಟ್ಟಿದ್ದೆ. ಅತ್ತೆ ಮಾತಾಡ್ತಾ ಇದ್ರು" ಅಂತ ಬರೆದೆ. ಅವರ ಮನೇಲೂ ವಯಸ್ಸಾದ ತಾಯಿ ಇದ್ರು. ಅವರು ಮುಂದಕ್ಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಮಿಟಿಯವರು ಮಾತ್ರ ಚಿರೋಟಿದು ಪೂರ್ತಿ ಕೇಳೋಣ ಅಂತ ಅರ್ಧ ಗಂಟೆ ಕೂತ್ರು.

ಆ ವಾರ ಸ್ಲೇಟು, ಬೋರ್ಡು, ಮಾನಿಟರ್ ಹುಡುಗಿಯ ಬಾಯಿ, ಇಷ್ಟರಲ್ಲೇ ಪಾಠ ನಡೀತು. ಶುಕ್ರವಾರ ನನ್ನ ಪರ್ಮನೆಂಟ್ ಆರ್ಡರಿಗೆ ಸೈನ್ ಆಯ್ತು. "ಮಿಷಿನ್ನಿಗೆ ಬೇಗ ಮನೆ ಗಾಳಿ ತಗುಲಿಬಿಡುತ್ತೆ ಮೇಡಂ. ಮನುಷ್ಯರೇ ವಾಸಿ" ಅಂದ್ರು ಸೆಕ್ರೆಟರಿ. ಯಜಮಾನರು ಆರ್ಡರನ್ನ ದೇವರ ಮುಂದಿಟ್ಟು ಕೈ ಮುಗಿದ್ರು.

ಆರು ವಾರ ಮುಗಿದ ಶನಿವಾರ ಡಾಕ್ಟ್ರು ಕನ್ನಡಿ ಇಟ್ಟು ನೋಡಿ, "ಚೆನ್ನಾಗಿ ಮಾಗಿದೆ. ಈಗ ಮಾತಾಡಿ" ಅಂದ್ರು. ಏನು ಮಾತಾಡೋದು ಅಂತ ತೋಚದೆ "ನಮಸ್ಕಾರ" ಅಂದೆ. ಬಂದಿದ್ದು ನನ್ನ ದನಿ ಅಲ್ಲ. ಒಣಗಿದ, ಸಣ್ಣಗೆ ಒಡೆದ, ಯಾವುದೋ ವಯಸ್ಸಾದ ಹೆಂಗಸಿನ ದನಿ. ಮತ್ತೆ ಹೇಳಿದೆ, ಮತ್ತೂ ಹೇಳಿದೆ.

"ಎಷ್ಟು ದಿನಕ್ಕೆ ಸರಿ ಹೋಗುತ್ತೆ ಡಾಕ್ಟ್ರೇ?"

"ಸರಿ ಹೋಗಿದೆ ಅಮ್ಮ. ಇನ್ನು ಇಷ್ಟೇ."

ಅತ್ತೆ ಡಾಕ್ಟ್ರ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು, ಆಮೇಲೆ ಸೆರಗು ಬಾಯಿಗೆ ಇಟ್ಕೊಂಡು ಅತ್ತುಬಿಟ್ರು. ಹದಿನಾರು ಗಂಟೆ ನನ್ನ ದನಿ ನನ್ನ ಕೈಯಲ್ಲೇ ಇತ್ತು, ನಾನೇ ಒತ್ತಿ ಒತ್ತಿ ಅಳಿಸಿದ್ದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಕೆಲಸ ಉಳೀತಲ್ಲ ಅಂತ ಎಷ್ಟು ಸಮಾಧಾನ ಹೇಳ್ಕೊಂಡ್ರೂ ಹೋಗಿಲ್ಲ.

ಸೋಮವಾರ ಕ್ಲಾಸಿಗೆ ಹೋದೆ. ಸ್ಲೇಟಿಲ್ಲ, ಡಬ್ಬ ಇಲ್ಲ, ಬರೀ ಕೈ. "ನಮಸ್ತೆ ಮಕ್ಕಳೇ" ಅಂದೆ. ಅರವತ್ತೆರಡು ಮಕ್ಕಳೂ ಕಣ್ಣು ಬಿಟ್ಕೊಂಡು ನೋಡ್ತಾ ಕೂತ್ರು, ಯಾರೂ ಏಳಲಿಲ್ಲ. ನಾನು ಬೋರ್ಡಿನ ಮೇಲೆ ಅವತ್ತಿನ ಪಾಠದ ಹೆಸರು ಬರೆದು, ಇದ್ದ ದನೀಲೇ ಶುರು ಮಾಡಿದೆ. ಮುಂದಿನ ಬೆಂಚಲ್ಲಿ ಒಂದು ಪುಟ್ಟ ಹುಡುಗಿ ಮೆಲ್ಲಗೆ ಕೈ ಎತ್ತಿದಳು. ಏನಮ್ಮ ಅಂದೆ.

"ನಮ್ಮ ಮಿಸ್ ಯಾವಾಗ ಬರ್ತಾರೆ?" ಅಂದಳು.

"ಅವರು ಬರಲ್ಲ. ಇನ್ಮೇಲೆ ನಾನೇ" ಅಂದೆ.